ಎಣ್ಣೆಯಲ್ಲಿ ಒಡೆಯದ ಗರಿಗರಿ ಚೀಸ್ ಸ್ಟಿಕ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಚೀಸ್ ಸ್ಟಿಕ್ ಕರಿಯಲು ಹೋದವರ ದೂರು ಹೆಚ್ಚುಕಡಿಮೆ ಒಂದೇ. ಎಣ್ಣೆಗೆ ಬಿಟ್ಟ ಅರ್ಧ ನಿಮಿಷದೊಳಗೆ ತುಂಡಿನ ಒಂದು ಮೂಲೆ ಬಿರಿಯುತ್ತದೆ. ಚೀಸ್ ಅಲ್ಲಿಂದ ಹೊರಬಂದು ಬಾಣಲೆಯ ತಳ ಹಿಡಿಯುತ್ತದೆ. ತಟ್ಟೆಗೆ ಬರುವುದು ಒಳಗೆ ಏನೂ ಇಲ್ಲದ ಬ್ರೆಡ್ ಪುಡಿಯ ಚಿಪ್ಪು. ಇನ್ನು ಕೆಲವರಿಗೆ ಇದರ ತದ್ವಿರುದ್ಧ: ಹೊರಗೆ ಚೆನ್ನಾದ ಕಂದು ಬಣ್ಣ, ಕಚ್ಚಿದರೆ ಒಳಗೆ ತಣ್ಣಗಿನ ಗಟ್ಟಿ ಚೀಸ್.

ಎರಡೂ ಒಂದೇ ಲೆಕ್ಕ ತಪ್ಪಿದ್ದರಿಂದ ಆಗುವ ಎಡವಟ್ಟುಗಳು. ಮೊಜರೆಲ್ಲಾ ಸುಮಾರು 55ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗಿ ಹರಿಯಲು ತೊಡಗುತ್ತದೆ. ಕರಿಯುವ ಎಣ್ಣೆ ಇರಬೇಕಾದದ್ದು 180ರ ಆಸುಪಾಸಿನಲ್ಲಿ. ಹೊರಗಿನ ಹೊದಿಕೆ ಬೆಂದು ಗಟ್ಟಿಯಾಗುವ ತನಕ ಒಳಗಿನ ಚೀಸ್ ಹರಿಯಬಾರದು. ಹೊದಿಕೆ ನಿಂತ ಮೇಲೆ ಹರಿಯದೆಯೂ ಇರಬಾರದು. ಇದಕ್ಕೆ ಸಿಗುವ ಸಮಯ ಒಂದೂವರೆ ನಿಮಿಷಕ್ಕಿಂತ ಕಡಿಮೆ. ಕೆಳಗಿನ ಹಂತಗಳೆಲ್ಲ ಆ ಸಮಯವನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳುವುದಕ್ಕಾಗಿಯೇ ಇವೆ. ಹೊದಿಕೆಯ ಮಸಾಲೆಯನ್ನು ನಿಮ್ಮ ಇಷ್ಟದಂತೆ ಬದಲಿಸಿ, ಹಂತಗಳ ಕ್ರಮವನ್ನು ಮಾತ್ರ ಬದಲಿಸಬೇಡಿ.

ಒಟ್ಟು ಮೂರೂವರೆ ಗಂಟೆ ಹಿಡಿಯುತ್ತದೆ. ಕೈಕೆಲಸ ಮುಕ್ಕಾಲು ಗಂಟೆ ಮಾತ್ರ, ಉಳಿದದ್ದು ಫ್ರೀಜರ್‌ನಲ್ಲಿ ಕಾಯುವ ಸಮಯ. ಸಂಜೆ ಆರಕ್ಕೆ ಅತಿಥಿಗಳು ಬರುವವರಿದ್ದರೆ ಮಧ್ಯಾಹ್ನ ಎರಡಕ್ಕೆ ಚಾಕು ಹಿಡಿಯಿರಿ. ಐದು ಗಂಟೆಗೆ ಶುರುಮಾಡುವ ಯೋಚನೆಯಿದ್ದರೆ ಅಂದಿನ ಮಟ್ಟಿಗೆ ಬೇರೆ ತಿಂಡಿ ಮಾಡುವುದೇ ಒಳ್ಳೆಯದು.

ಬೇಕಾದ ಸಾಮಾನು ಮತ್ತು ಪಾತ್ರೆಗಳು

ಹನ್ನೆರಡು ಸ್ಟಿಕ್‌ಗಳಿಗೆ:

- ಮೊಜರೆಲ್ಲಾ ಚೀಸ್ ಗಟ್ಟಿ (ತುರಿದದ್ದಲ್ಲ): 200 ಗ್ರಾಂ
- ಹೊರಳಿಸಲು ಒಣ ಮೈದಾ: 3 ಚಮಚ
- ಕಲಸಲು ಮೈದಾ: 6 ಚಮಚ
- ಬಿಳಿ ಕಾರ್ನ್‌ಫ್ಲೋರ್: 3 ಚಮಚ
- ತಣ್ಣೀರು: ಸುಮಾರು 110 ಮಿಲಿ
- ಒಣ ಬ್ರೆಡ್ ಪುಡಿ: ಎರಡು ಕಪ್
- ಉಪ್ಪು ಅರ್ಧ ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ
- ರಿಫೈನ್ಡ್ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ: 750 ಮಿಲಿ

ಇಲ್ಲಿ ಚಮಚ ಎಂದರೆ 15 ಮಿಲಿಯ ಅಳತೆ ಚಮಚ. ಕಾರ್ನ್‌ಫ್ಲೋರ್ ಎಂದು ಕೇಳಿದಾಗ ಅಂಗಡಿಯವರು ಕೆಲವೊಮ್ಮೆ ಮೆಕ್ಕೆಜೋಳದ ಹಳದಿ ಹಿಟ್ಟನ್ನು ಕೊಡುತ್ತಾರೆ. ನಿಮಗೆ ಬೇಕಾದದ್ದು ಬೆರಳಲ್ಲಿ ಉಜ್ಜಿದರೆ ಕಿರುಗುಟ್ಟುವ, ಅಚ್ಚ ಬಿಳಿಯ ನಯವಾದ ಪಿಷ್ಟ.

ಪಾತ್ರೆಗಳಲ್ಲಿ ಆಳವಾದ ದಪ್ಪ ತಳದ ಬಾಣಲೆ, ಜಾಲರಿ ಸೌಟು, ಮೂರು ಅಗಲದ ತಟ್ಟೆ, ಫ್ರೀಜರ್‌ನಲ್ಲಿ ಸಮತಟ್ಟಾಗಿ ಕೂರುವ ಒಂದು ತಟ್ಟೆ, ಅದಕ್ಕೆ ಹಾಸಲು ಬೆಣ್ಣೆ ಕಾಗದ, ಕರಿದದ್ದನ್ನು ಇಡಲು ಕಾಲುಗಳಿರುವ ತಂತಿ ಜಾಲರಿ ಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಅರ್ಧ ಚಿಂತೆ ಕಳೆಯಿತು. ಇಲ್ಲದಿದ್ದರೂ ದಾರಿ ಇದೆ, ಆರನೆಯ ಹಂತದಲ್ಲಿ ಹೇಳಿದ್ದೇನೆ.

1. ಸರಿಯಾದ ಚೀಸ್ ಆರಿಸುವುದು

ಹಲವರ ಸ್ಟಿಕ್ ಕೆಡುವುದು ಅಂಗಡಿಯಲ್ಲೇ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿ ಓದಿ. ಹಾಲು, ಉಪ್ಪು, ಕಲ್ಚರ್, ಎಂಜೈಮ್ ಎಂದಷ್ಟೇ ಇದ್ದರೆ ಅದು ನಿಜವಾದ ಮೊಜರೆಲ್ಲಾ. ಸಸ್ಯಜನ್ಯ ಎಣ್ಣೆ ಅಥವಾ ಕೊಬ್ಬಿನ ಹೆಸರು ಕಂಡರೆ ಅದು ಚೀಸ್‌ನ ಬದಲಿ ಪದಾರ್ಥ. ಕರಗಿದಾಗ ಎಳೆ ಬರುವ ಭರವಸೆಯಿಲ್ಲ. ಐಎನ್‌ಎಸ್ 331, 339, 452 ಮುಂತಾದ ಸಂಖ್ಯೆಗಳಿಂದ ಗುರುತಿಸುವ ಎಮಲ್ಸಿಫೈಯರ್‌ಗಳು (ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥಗಳು) ಇದ್ದರೆ ಅದು ಸಂಸ್ಕರಿತ ಚೀಸ್. ಮಕ್ಕಳ ಡಬ್ಬಿಗೆ ಹಾಕುವ ಕ್ಯೂಬ್ ಮತ್ತು ಸ್ಯಾಂಡ್‌ವಿಚ್ ಸ್ಲೈಸ್‌ಗಳು ಈ ಗುಂಪಿನವು. ಅವು ಕಾದಾಗ ಎಳೆಯಾಗುವುದಿಲ್ಲ, ಮೆತ್ತನೆಯ ಸಾರಾಗುತ್ತವೆ.

ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಜರೆಲ್ಲಾ ಉಂಡೆಗಳನ್ನು ತರಬೇಡಿ. ಅವುಗಳ ತೂಕದಲ್ಲಿ ಅರ್ಧಕ್ಕೂ ಹೆಚ್ಚು ನೀರೇ. ಆ ನೀರು ಎಣ್ಣೆಯಲ್ಲಿ ಹಬೆಯಾಗಿ ಹೊದಿಕೆಯನ್ನು ಒಳಗಿನಿಂದ ಸೀಳುತ್ತದೆ. ಕಡಿಮೆ ತೇವಾಂಶದ, ಒತ್ತಿದರೆ ರಬ್ಬರಿನಂತೆ ಹಿಂದಕ್ಕೆ ಬರುವ ಗಟ್ಟಿಯೇ ಬೇಕು. ಪಿಜ್ಜಾಕ್ಕೆಂದು ತುರಿದು ಮಾರುವ ಚೀಸ್ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಒಂದಕ್ಕೊಂದು ಅಂಟದಿರಲೆಂದು ಅದಕ್ಕೆ ಪಿಷ್ಟದಂಥ ಪುಡಿ ಸವರಿರುತ್ತಾರೆ. ಎಷ್ಟೇ ಒತ್ತಿ ಕಟ್ಟಿದರೂ ಬಿರುಕು ಉಳಿಯುತ್ತದೆ.

ಪನೀರ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಹಾಕಬಹುದು, ಆದರೆ ಆಗ ಸಿಗುವುದು ಬೇರೆಯೇ ತಿಂಡಿ. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದಾಗ ಹಾಲಿನ ಕ್ಯಾಲ್ಸಿಯಂನ ಒಂದಷ್ಟು ಪಾಲು ನೀರಿನೊಡನೆ ಹೊರಟುಹೋಗುತ್ತದೆ, ಉಳಿದ ಪ್ರೋಟೀನು ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಹಾಗಾಗಿ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಇದೇ ಹೊದಿಕೆಯನ್ನು ಪನೀರಿಗೆ ಹಚ್ಚಿ ಫ್ರೀಜರ್ ಹಂತಗಳನ್ನೆಲ್ಲ ಬಿಟ್ಟು ಕರಿಯಬಹುದು. ಮೊದಲ ಬಾರಿಗೆ ಕೈಹಾಕುವವರು ಹೊದಿಕೆ ಕಲಿಯಲು ಹಾಗೆ ಮಾಡಿ ನೋಡುವುದು ಒಳ್ಳೆಯದು.

2. ಕತ್ತರಿಸುವುದು, ಒರೆಸುವುದು

ಚೀಸನ್ನು ಫ್ರಿಜ್‌ನಿಂದ ತೆಗೆದ ಕೂಡಲೇ, ತಣ್ಣಗಿರುವಾಗಲೇ ಕತ್ತರಿಸಿ. ದಪ್ಪ ಒಂದೂವರೆ ಸೆಂಟಿಮೀಟರ್, ಉದ್ದ ಏಳು ಸೆಂಟಿಮೀಟರ್. ಒಂದು ತುಂಡು ಹದಿನಾರು ಹದಿನೇಳು ಗ್ರಾಂ ತೂಗುತ್ತದೆ. ಇದಕ್ಕಿಂತ ತೆಳುವಾದರೆ ಹೊದಿಕೆ ನಿಲ್ಲುವ ಮೊದಲೇ ಕರಗುತ್ತದೆ, ದಪ್ಪವಾದರೆ ನಡುಭಾಗ ಗಟ್ಟಿಯಾಗಿಯೇ ಉಳಿಯುತ್ತದೆ. ಎಲ್ಲ ತುಂಡುಗಳೂ ಒಂದೇ ಗಾತ್ರದಲ್ಲಿರಲಿ. ಇಲ್ಲವಾದರೆ ಒಂದೇ ಸರದಿಯಲ್ಲಿ ಒಂದು ಒಡೆದಿರುತ್ತದೆ, ಇನ್ನೊಂದು ಬೆಂದಿರುವುದಿಲ್ಲ.

ಕತ್ತರಿಸಿದ ತುಂಡುಗಳನ್ನು ಶುಭ್ರವಾದ ಒಣ ಬಟ್ಟೆಯಿಂದ ಒತ್ತಿ ಒರೆಸಿ. ನಂತರ ಬೆಣ್ಣೆ ಕಾಗದದ ಮೇಲೆ ಬಿಡಿಬಿಡಿಯಾಗಿ ಜೋಡಿಸಿ 20 ನಿಮಿಷ ಫ್ರೀಜರ್‌ನಲ್ಲಿಡಿ. ಅಷ್ಟರಲ್ಲಿ ಮುಂದಿನ ಎರಡು ಹಂತಗಳನ್ನು ಮುಗಿಸಬಹುದು.

3. ಬ್ರೆಡ್ ಪುಡಿ

ನಮ್ಮ ಊರುಗಳ ಬೇಕರಿ ಬ್ರೆಡ್ ಸಾಮಾನ್ಯವಾಗಿ ಸಿಹಿ. ಸಕ್ಕರೆ ಇರುವ ಬ್ರೆಡ್ಡಿನ ಪುಡಿ ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತದೆ. ಬಣ್ಣ ನೋಡಿ ನೀವು ತುಂಡನ್ನು ಮೇಲೆತ್ತುವಾಗ ಚೀಸ್ ಇನ್ನೂ ಕರಗಿರುವುದಿಲ್ಲ. ರಸ್ಕ್ ಪುಡಿಯದ್ದಂತೂ ಇನ್ನೂ ಹೆಚ್ಚಿನ ತೊಂದರೆ. ಸಿಹಿ ಇಲ್ಲದ ಸ್ಯಾಂಡ್‌ವಿಚ್ ಬ್ರೆಡ್ ಅಥವಾ ಪಾವ್ ತನ್ನಿ. ಹೋಳುಗಳನ್ನು ಸಣ್ಣ ಉರಿಯ ಕಾವಲಿಯ ಮೇಲೆ ಬಣ್ಣ ಬಾರದಂತೆ ಒಣಗಿಸಿ, ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿ. ಬಿಸಿ ಇರುವಾಗ ಪುಡಿಮಾಡಿದರೆ ಹಬೆಗೆ ಮೆತ್ತಗಾಗುತ್ತದೆ.

ಪುಡಿ ತೀರ ನುಣ್ಣಗೂ ಬೇಡ, ತೀರ ತರಿಯೂ ಬೇಡ. ನನ್ನ ಕ್ರಮ ಹೀಗಿದೆ: ಪುಡಿಯನ್ನು ಜರಡಿ ಹಿಡಿದು ಎರಡು ಭಾಗ ಮಾಡುತ್ತೇನೆ. ನುಣ್ಣನೆಯದು ಮೊದಲ ಹೊದಿಕೆಗೆ, ಏಕೆಂದರೆ ಅದು ಸಂದುಗಳನ್ನು ಮುಚ್ಚುತ್ತದೆ. ತರಿತರಿಯದು ಎರಡನೆಯ ಹೊದಿಕೆಗೆ, ಗರಿಗರಿತನ ಬರುವುದು ಅದರಿಂದ. ಈ ಎರಡು ಬಗೆಯ ಪುಡಿಯಿಂದ ಆಗುವ ಉಪಕಾರ ಬೇರೆ ಯಾವ ಉಪಾಯದಿಂದಲೂ ಆಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೀನಿಗೆ ರವಾ ಫ್ರೈ ಮಾಡುವವರು ಬ್ರೆಡ್ ಪುಡಿಯ ಬದಲು ರವೆಯಲ್ಲೇ ಹೊರಳಿಸಲು ಹೊರಡುತ್ತಾರೆ. ಮೀನು ಕರಗುವುದಿಲ್ಲ, ಚೀಸ್ ಕರಗುತ್ತದೆ. ರವೆಯ ಕಾಳುಗಳ ನಡುವಿನ ಸಂದುಗಳಿಂದ ಅದು ಹರಿದುಹೋಗುತ್ತದೆ. ಎರಡನೆಯ ಹೊದಿಕೆಯ ಪುಡಿಗೆ ಎರಡು ಚಮಚ ಚಿರೋಟಿ ರವೆ ಬೆರೆಸಿದರೆ ಸಾಕು, ಕುರುಕುಲು ಹೆಚ್ಚುತ್ತದೆ.

ಕರಾವಳಿಯವರಿಗೆ, ಮಲೆನಾಡಿನವರಿಗೆ ಮಳೆಗಾಲದಲ್ಲಿ ಒಂದು ಎಚ್ಚರ: ಡಬ್ಬಿಯಲ್ಲಿಟ್ಟ ಪುಡಿ ಒಂದೇ ದಿನದಲ್ಲಿ ತೇವ ಎಳೆದುಕೊಳ್ಳುತ್ತದೆ. ಬಳಸುವ ಮೊದಲು ಮತ್ತೊಮ್ಮೆ ಕಾವಲಿಯಲ್ಲಿ ಬೆಚ್ಚಗೆ ಮಾಡಿ ಆರಿಸಿಕೊಳ್ಳಿ.

4. ಹಿಟ್ಟು ಕಲಸುವುದು

ಮೈದಾ, ಕಾರ್ನ್‌ಫ್ಲೋರ್, ಉಪ್ಪು, ಕಾಳುಮೆಣಸು ಬೆರೆಸಿ, ತಣ್ಣೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ. ಹದ ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು. ಚಮಚದ ಬೆನ್ನಿಗೆ ಹಚ್ಚಿ ಬೆರಳಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ಮೈದಾ ಅಂಟು ಕೊಡುತ್ತದೆ, ಕಾರ್ನ್‌ಫ್ಲೋರ್ ಗರಿಗರಿತನ ಕೊಡುತ್ತದೆ. ಒಂದನ್ನು ಬಿಟ್ಟು ಇನ್ನೊಂದರಿಂದ ಸರಿದೂಗಿಸಲಾಗದು.

ಬಜ್ಜಿ ಮಾಡಿ ಪಳಗಿದ ಕೈ ಇಲ್ಲಿ ಎರಡು ಕಡೆ ಎಡವುತ್ತದೆ. ಮೊದಲನೆಯದು ಚಿಟಿಕೆ ಸೋಡಾ. ಅದು ಹೊದಿಕೆಯನ್ನು ಉಬ್ಬಿಸಿ ರಂಧ್ರ ಮಾಡುತ್ತದೆ, ನಮಗೆ ಬೇಕಾದದ್ದು ರಂಧ್ರವೇ ಇಲ್ಲದ ಹೊದಿಕೆ. ಎರಡನೆಯದು ಅಚ್ಚಖಾರದ ಪುಡಿ. ಹೊರ ಹೊದಿಕೆಯಲ್ಲಿ ಅದು ಬೇಗ ಕಪ್ಪಾಗಿ ಬಣ್ಣದ ಅಂದಾಜು ತಪ್ಪಿಸುತ್ತದೆ. ಖಾರ ಬೇಕಿದ್ದರೆ ಈ ಹಿಟ್ಟಿಗೆ ಹಾಕಿ, ಬ್ರೆಡ್ ಪುಡಿಗೆ ಬೇಡ. ಉಪ್ಪು ಕೂಡ ಹೇಳಿದ್ದಕ್ಕಿಂತ ಹೆಚ್ಚು ಬೇಡ, ಚೀಸ್‌ನಲ್ಲಿ ಆಗಲೇ ಇದೆ.

ಮೊಟ್ಟೆ ತಿನ್ನುವ ಮನೆಗಳಲ್ಲಿ ಕೆಲಸ ಸುಲಭ. ಈ ಕಲಸಿದ ಹಿಟ್ಟಿನ ಬದಲು ಎರಡು ಮೊಟ್ಟೆಗೆ ಎರಡು ಚಮಚ ಹಾಲು, ಉಪ್ಪು, ಮೆಣಸು ಸೇರಿಸಿ ಕಡೆದುಕೊಳ್ಳಿ. ಮೊಟ್ಟೆ 62ರಿಂದ 70 ಡಿಗ್ರಿಯೊಳಗೆ ಗಟ್ಟಿಯಾಗುವುದರಿಂದ ಹೊದಿಕೆ ಬೇಗ ಬಿಗಿದುಕೊಳ್ಳುತ್ತದೆ.

5. ಎರಡು ಹೊದಿಕೆ, ಎರಡು ಸಲ ಫ್ರೀಜರ್

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಒಂದೇ ಹೊದಿಕೆ ಸಾಕು ಎಂದು ಹೇಳುವ ಪಾಕವಿಧಾನಗಳನ್ನು ನಂಬಬೇಡಿ.

ತಟ್ಟೆಗಳನ್ನು ಎಡದಿಂದ ಬಲಕ್ಕೆ ಹೀಗೆ ಇಟ್ಟುಕೊಳ್ಳಿ: ಒಣ ಮೈದಾ, ಕಲಸಿದ ಹಿಟ್ಟು, ನುಣ್ಣನೆಯ ಪುಡಿ. ಒಂದು ಕೈ ಒಣ ಪದಾರ್ಥಗಳಿಗೆ, ಇನ್ನೊಂದು ಕೈ ಹಿಟ್ಟಿಗೆ ಮೀಸಲಿರಲಿ; ಒಂದೇ ಕೈಯಲ್ಲಿ ಎಲ್ಲ ಮಾಡಿದರೆ ಪುಡಿ ಬೆರಳಿಗೆ ಮೆತ್ತುತ್ತದೆ, ಚೀಸ್‌ಗೆ ಹತ್ತುವುದಿಲ್ಲ.

ಫ್ರೀಜರ್‌ನಿಂದ ನಾಲ್ಕು ನಾಲ್ಕೇ ತುಂಡು ತೆಗೆಯಿರಿ. ಮೊದಲು ಮೈದಾದಲ್ಲಿ ಹೊರಳಿಸಿ, ಹೆಚ್ಚಿನದನ್ನು ಕೊಡವಿ. ಈ ಒಣ ಪದರ ಇಲ್ಲದಿದ್ದರೆ ಹಿಟ್ಟು ಚೀಸ್‌ನ ಜಿಡ್ಡಿನ ಮೇಲೆ ನಿಲ್ಲದೆ ಜಾರುತ್ತದೆ. ನಂತರ ಹಿಟ್ಟಿನಲ್ಲಿ ಅದ್ದಿ, ಹೆಚ್ಚಾದದ್ದು ಸೋರಲು ಬಿಟ್ಟು, ಪುಡಿಯ ಮೇಲಿಟ್ಟು, ಮೇಲಿಂದಲೂ ಪುಡಿ ಸುರಿದು ಅಂಗೈಯಿಂದ ಮೃದುವಾಗಿ ಒತ್ತಿ. ಎರಡು ತುದಿಗಳನ್ನು ಪುಡಿಗೆ ಲಂಬವಾಗಿ ನಿಲ್ಲಿಸಿ ಒತ್ತಲೇಬೇಕು. ಹೆಚ್ಚಿನ ಸ್ಟಿಕ್‌ಗಳು ಒಡೆಯುವುದು ಉದ್ದನೆಯ ಬದಿಯಲ್ಲಲ್ಲ, ತುದಿಯಲ್ಲಿ ಮತ್ತು ಅಂಚುಗಳಲ್ಲಿ.

ಎಲ್ಲ ತುಂಡುಗಳೂ ಆದ ಮೇಲೆ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಈ ಬಿಡುವಿಲ್ಲದೆ ಮತ್ತೆ ಅದ್ದಿದರೆ ಮೊದಲ ಹೊದಿಕೆ ಹಿಟ್ಟಿನಲ್ಲೇ ಕಳಚಿಕೊಳ್ಳುತ್ತದೆ. ಅರ್ಧ ಗಂಟೆಯ ನಂತರ ಹಿಟ್ಟು ಗಟ್ಟಿಯಾಗಿದ್ದರೆ ಒಂದು ಚಮಚ ನೀರು ಸೇರಿಸಿ ಸಡಿಲ ಮಾಡಿ. ಎರಡನೆಯ ಸಲ ಒಣ ಮೈದಾ ಬೇಡ. ಹಿಟ್ಟಿನಲ್ಲಿ ಅದ್ದಿ, ತರಿ ಪುಡಿಯಲ್ಲಿ ಹೊರಳಿಸಿ, ಒತ್ತಿ.

ಈಗ ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಚೀಸ್‌ನ ಬಿಳುಪು ಇಣುಕಿದರೆ ಅಲ್ಲಿಗೆ ಬೆರಳಿನಿಂದ ಹಿಟ್ಟು ಸವರಿ ಪುಡಿ ಒತ್ತಿ. ಸಾಸಿವೆ ಕಾಳಿನಷ್ಟು ಜಾಗ ತೆರೆದಿದ್ದರೂ ಕರಗಿದ ಚೀಸ್ ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ.

ಕೊನೆಯದಾಗಿ ಎರಡು ಗಂಟೆ ಫ್ರೀಜರ್. ತಟ್ಟೆಯನ್ನು ಮುಚ್ಚಿಡಿ, ಇಲ್ಲದಿದ್ದರೆ ಮೇಲ್ಮೈಯಲ್ಲಿ ಹಿಮದ ಹರಳು ಕೂರುತ್ತದೆ. ಒಂದೇ ಬಾಗಿಲಿನ ಹಳೆಯ ಫ್ರಿಜ್‌ಗಳ ಫ್ರೀಜರ್ ಕೋಣೆ ಸಾಕಷ್ಟು ತಣ್ಣಗಿರುವುದಿಲ್ಲ. ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ ಇನ್ನೊಂದು ಗಂಟೆ ಹೆಚ್ಚು ಕೊಡಿ. ಗುರುತು ಇಷ್ಟೇ: ತುಂಡನ್ನು ಎರಡು ಬೆರಳಿನಿಂದ ಅದುಮಿದರೆ ಸ್ವಲ್ಪವೂ ಬಾಗಬಾರದು. ನಡುವೆ ಕರೆಂಟ್ ಹೋಗಿ ಮೆತ್ತಗಾಗಿದ್ದರೆ ಹಾಗೆಯೇ ಕರಿಯಲು ಹೋಗಬೇಡಿ, ಮತ್ತೆ ಗಟ್ಟಿಯಾಗುವ ತನಕ ಕಾಯಿರಿ.

6. ಎಣ್ಣೆ ಕಾಯಿಸುವುದು

ಗಾಣದ ಎಣ್ಣೆ ಒಗ್ಗರಣೆಗೆ, ಪಲ್ಯಕ್ಕೆ ಸೊಗಸು. ಈ ಕೆಲಸಕ್ಕೆ ಮಾತ್ರ ರಿಫೈನ್ಡ್ ಎಣ್ಣೆಯೇ ಬೇಕು, ಏಕೆಂದರೆ ಶುದ್ಧೀಕರಿಸದ ಎಣ್ಣೆ ನಮಗೆ ಬೇಕಾದ ಬಿಸಿ ಮುಟ್ಟುವ ಹೊತ್ತಿಗೇ ಹೊಗೆಯಾಡಲು ತೊಡಗಬಹುದು.

ಎಣ್ಣೆಯ ಆಳ ಕನಿಷ್ಠ ಐದು ಸೆಂಟಿಮೀಟರ್ ಇರಲಿ, ಬಾಣಲೆಯ ಅರ್ಧಕ್ಕಿಂತ ಮೇಲೆ ಬಾರದಿರಲಿ. ಆಳ ಸಾಲದಿದ್ದರೆ ತುಂಡು ತಳ ಮುಟ್ಟುತ್ತದೆ, ತಳ ಮುಟ್ಟಿದ ಕಡೆ ಹೊದಿಕೆ ಹರಿಯುತ್ತದೆ.

ಬೇಕಾದ ಬಿಸಿ 180 ಡಿಗ್ರಿ. ಥರ್ಮಾಮೀಟರ್ ಇಲ್ಲದವರು ಎರಡೂವರೆ ಸೆಂಟಿಮೀಟರಿನ ಒಂದು ಬ್ರೆಡ್ ಚೂರನ್ನು ಬಿಟ್ಟು ಗಡಿಯಾರ ನೋಡಿ. ಸುಮಾರು ಒಂದು ನಿಮಿಷಕ್ಕೆ ಹೊಂಬಣ್ಣ ಬಂದರೆ ಎಣ್ಣೆ ಸರಿಯಾಗಿದೆ. ಅರ್ಧ ನಿಮಿಷಕ್ಕೇ ಬಂದರೆ ಅತಿಯಾಗಿದೆ, ಉರಿ ಇಳಿಸಿ ಎರಡು ನಿಮಿಷ ಬಿಡಿ. ಹಿಟ್ಟಿನ ಹನಿ ಬಿಟ್ಟು ಅದು ಮೇಲೇಳುವುದನ್ನು ನೋಡುವ ಬಜ್ಜಿಯ ಪರೀಕ್ಷೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ. ಎಣ್ಣೆ ಚೀಸ್‌ಗೆ ಸಾಲದಷ್ಟು ಕಾದಿರುವಾಗಲೂ ಹನಿ ಮೇಲೇಳುತ್ತದೆ, ಹಲವರು ಮೋಸಹೋಗುವುದು ಅಲ್ಲೇ.

ಸುರಕ್ಷತೆಯ ಮಾತು: ಹಿಮದ ಹರಳು ಕಂಡರೆ ಒಣ ಬಟ್ಟೆಯಿಂದ ಕೊಡವಿಯೇ ತುಂಡನ್ನು ಎಣ್ಣೆಗೆ ಬಿಡಿ, ಹರಳಿನ ನೀರು ಎಣ್ಣೆಯನ್ನು ಮುಖಕ್ಕೆ ಸಿಡಿಸುತ್ತದೆ. ಬಾಣಲೆಗೆ ಹೊಂದುವ ಒಂದು ಮುಚ್ಚಳ ಕೈಗೆ ಸಿಗುವಂತಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ; ನೀರು ಮಾತ್ರ ಎಂದಿಗೂ ಸುರಿಯಬೇಡಿ, ಬಾಣಲೆಯನ್ನು ಎತ್ತಿಕೊಂಡು ಓಡಾಡಬೇಡಿ. ಮಕ್ಕಳು ಒಲೆಯ ಬಳಿ ಇರುವುದು ಬೇಡ.

7. ಕರಿಯುವುದು

ಒಮ್ಮೆಗೆ ಮೂರು ತುಂಡು, ಬಾಣಲೆ ದೊಡ್ಡದಿದ್ದರೆ ನಾಲ್ಕು. ಉಳಿದವು ಫ್ರೀಜರ್‌ನಲ್ಲೇ ಇರಲಿ, ಅಡುಗೆ ಕಟ್ಟೆಯ ಮೇಲೆ ಅಲ್ಲ. ಹೆಪ್ಪುಗಟ್ಟಿದ ತುಂಡುಗಳು ಎಣ್ಣೆಯ ಬಿಸಿಯನ್ನು ಬೇಗ ಇಳಿಸುತ್ತವೆ. ಆರೇಳು ತುಂಡು ಒಟ್ಟಿಗೆ ಹಾಕಿದರೆ ಎಣ್ಣೆ 150ಕ್ಕೂ ಇಳಿಯಬಹುದು. ಆಗ ಹೊದಿಕೆ ಎಣ್ಣೆ ಕುಡಿಯುತ್ತದೆ, ಗಟ್ಟಿಯಾಗುವ ಮೊದಲೇ ಒಡೆಯುತ್ತದೆ.

ಜಾಲರಿ ಸೌಟಿನ ಮೇಲಿಟ್ಟು ನಿಧಾನವಾಗಿ ಇಳಿಸಿ. ಮೊದಲ 20 ಸೆಕೆಂಡು ಮುಟ್ಟಬೇಡಿ, ಹೊದಿಕೆ ಕೂರಲಿ. ನಂತರ ಒಮ್ಮೆ ಹೊರಳಿಸಿ. ಒಟ್ಟು 60ರಿಂದ 90 ಸೆಕೆಂಡು. ಹಿಂದಿನ ರಾತ್ರಿಯೇ ಮಾಡಿಟ್ಟು ಕಲ್ಲಾಗಿರುವ ತುಂಡಾದರೆ ಎಣ್ಣೆಯನ್ನು 170ಕ್ಕೆ ಇಟ್ಟುಕೊಂಡು ಎರಡು ನಿಮಿಷದವರೆಗೆ ಬಿಡಬಹುದು.

ಕಣ್ಣಿಡಬೇಕಾದದ್ದು ಗುಳ್ಳೆಗಳ ಮೇಲೆ. ಶುರುವಿನಲ್ಲಿ ಜೋರಾಗಿ, ಸಣ್ಣದಾಗಿ, ಎಲ್ಲ ಕಡೆಯಿಂದ ಏಳುತ್ತವೆ. ಹೊದಿಕೆ ಒಣಗಿದಂತೆ ಸದ್ದು ಇಳಿಯುತ್ತದೆ. ಒಂದೇ ಜಾಗದಿಂದ ಇದ್ದಕ್ಕಿದ್ದಂತೆ ದೊಡ್ಡ ಗುಳ್ಳೆಗಳು ಒಸರಿದರೆ ಅಲ್ಲಿ ಬಿರುಕು ಬಿಟ್ಟಿದೆ ಎಂದು ತಿಳಿಯಿರಿ. ಬಿಳಿಯ ಚುಕ್ಕೆಯೊಂದು ಹೊರಬಂದು ನೊರೆಯಾಗುವುದು ಕಂಡ ಕ್ಷಣವೇ ಆ ತುಂಡನ್ನು ಎತ್ತಿಬಿಡಿ, ಬಣ್ಣ ಸಾಲದಿದ್ದರೂ ಪರವಾಗಿಲ್ಲ. ಇನ್ನು ಹತ್ತು ಸೆಕೆಂಡು ಕಾಯೋಣ ಎಂದವರಿಗೆ ಚಿಪ್ಪು ಮಾತ್ರ ಉಳಿಯುತ್ತದೆ. ಸೋರಿದ ಚೀಸನ್ನು ಮುಂದಿನ ಸರದಿಗೆ ಮೊದಲು ಸೌಟಿನಿಂದ ತೆಗೆಯಲೇಬೇಕು, ಕರಕಲಾದರೆ ಎಣ್ಣೆಯೆಲ್ಲ ಕಹಿ.

ಹೊಂಬಣ್ಣ ಬಂದಾಗಲೇ ಹೊರತೆಗೆಯಿರಿ, ಗಾಢ ಕಂದಿಗೆ ಕಾಯಬೇಡಿ. ಹೊರಗೆ ಬಂದ ಮೇಲೂ ಬಿಸಿ ಒಳಗೆ ಸಾಗುತ್ತಿರುತ್ತದೆ, ನಡುಭಾಗ ಕರಗುವುದು ಆ ಒಂದು ನಿಮಿಷದಲ್ಲೇ. ಪ್ರತಿ ಸರದಿಯ ನಡುವೆ ಎಣ್ಣೆ ಮತ್ತೆ 180ಕ್ಕೆ ಏರಲು ಒಂದೆರಡು ನಿಮಿಷ ಕೊಡಿ.

8. ಬಸಿಯುವುದು, ಬಡಿಸುವುದು

ಕರಿದದ್ದನ್ನು ತಂತಿ ಜಾಲರಿಯ ಮೇಲೆ ಇಡಿ. ತಟ್ಟೆಯಲ್ಲಿ ಕಾಗದ ಹಾಸಿ ಇಟ್ಟರೆ ಅಡಿಯಲ್ಲಿ ಹಬೆ ಕಟ್ಟಿ ಒಂದು ಬದಿ ಮೆತ್ತಗಾಗುತ್ತದೆ. ವೃತ್ತಪತ್ರಿಕೆಯ ಮೇಲಂತೂ ಬೇಡವೇ ಬೇಡ. ಅದರ ಶಾಯಿ ಆಹಾರಕ್ಕೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಎಚ್ಚರಿಸಿದೆ. ಒಂದರ ಮೇಲೊಂದು ಪೇರಿಸಬೇಡಿ, ಮುಚ್ಚಳ ಮುಚ್ಚಬೇಡಿ.

ಒಂದೆರಡು ನಿಮಿಷ ಬಿಟ್ಟು ಬಡಿಸಿ. ಅದಕ್ಕಿಂತ ಮೊದಲು ಕೊಟ್ಟರೆ ಬಾಯಿ ಸುಡುತ್ತದೆ, ಮಕ್ಕಳಿಗೆ ಮುರಿದು ಹಬೆ ಹೋದ ಮೇಲೆ ಕೊಡಿ. ಹತ್ತು ನಿಮಿಷ ದಾಟಿದರೆ ಚೀಸ್ ಮತ್ತೆ ಬಿಗಿಯುತ್ತದೆ, ಎಳೆ ಬರುವುದಿಲ್ಲ. ಹಾಗಾಗಿ ಅತಿಥಿಗಳು ಕುಳಿತ ಮೇಲೆಯೇ ಎಣ್ಣೆಗೆ ಬಿಡಿ. ಜೊತೆಗೆ ಬೆಳ್ಳುಳ್ಳಿ ಹಾಕಿ ಬೇಯಿಸಿ ಗಟ್ಟಿ ಮಾಡಿದ ಟೊಮೇಟೊ ಸಾಸ್ ಒಪ್ಪುತ್ತದೆ. ಪುದೀನ ಚಟ್ನಿಯ ಹುಳಿಯೂ ಚೀಸ್‌ನ ಜಿಡ್ಡಿಗೆ ಚೆನ್ನಾಗಿ ಹೊಂದುತ್ತದೆ.

ಏರ್ ಫ್ರೈಯರ್ ಬಳಸುವವರಿಗೆ

ಆಗುತ್ತದೆ, ಆದರೆ ಕರಿದದ್ದಕ್ಕೆ ಸಾಟಿಯಾಗುವುದಿಲ್ಲ. ಬಿಸಿ ಗಾಳಿ ಎಣ್ಣೆಯಷ್ಟು ಬೇಗ ಹೊದಿಕೆಯನ್ನು ಗಟ್ಟಿ ಮಾಡದು, ಸೋರುವ ಅಪಾಯ ಹೆಚ್ಚು. ಎರಡನೆಯ ಹೊದಿಕೆಯ ಪುಡಿಯನ್ನು ಮೊದಲೇ ಒಂದು ಚಮಚ ಎಣ್ಣೆ ಹಾಕಿ ಹೊಂಬಣ್ಣಕ್ಕೆ ಹುರಿದು ಆರಿಸಿಕೊಳ್ಳಿ. ಯಂತ್ರವನ್ನು 200 ಡಿಗ್ರಿಗೆ ಪೂರ್ತಿ ಕಾಯಿಸಿ, ತುಂಡುಗಳಿಗೆ ಎಣ್ಣೆ ಸಿಂಪಡಿಸಿ, ಐದಾರು ನಿಮಿಷ ಇಡಿ. ನಾಲ್ಕನೆಯ ನಿಮಿಷದಿಂದಲೇ ತೆರೆದು ನೋಡುತ್ತಿರಿ.

ಉಳಿದ ಸ್ಟಿಕ್, ಉಳಿದ ಎಣ್ಣೆ

ಕರಿಯದ ಸ್ಟಿಕ್‌ಗಳು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತವೆ. ಪದರಗಳ ನಡುವೆ ಬೆಣ್ಣೆ ಕಾಗದ ಹಾಕಿ. ಕರಿದು ಉಳಿದದ್ದನ್ನು ಮೈಕ್ರೊವೇವ್‌ನಲ್ಲಿ ಬಿಸಿ ಮಾಡಬೇಡಿ, ಹೊದಿಕೆ ಮೆತ್ತಗಾಗಿ ಚೀಸ್ ರಬ್ಬರಾಗುತ್ತದೆ. 200 ಡಿಗ್ರಿಯ ಓವನ್ನಿನಲ್ಲಿ ನಾಲ್ಕೈದು ನಿಮಿಷ ಇಟ್ಟರೆ ಗರಿಗರಿತನ ಬಹುಮಟ್ಟಿಗೆ ಮರಳುತ್ತದೆ.

ಎಣ್ಣೆ ಪೂರ್ತಿ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಬ್ರೆಡ್ ಪುಡಿಯ ಕಣಗಳು ಅದರಲ್ಲಿ ಉಳಿದರೆ ಮುಂದಿನ ಸಲ ಕಾಯಿಸಿದಾಗ ಸುಟ್ಟು ಎಣ್ಣೆಯನ್ನು ಕೆಡಿಸುತ್ತವೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳ (ಎಣ್ಣೆ ಮತ್ತೆ ಮತ್ತೆ ಕಾದು ಕೆಡುವಾಗ ಹುಟ್ಟುವ ಪದಾರ್ಥಗಳು) ಪ್ರಮಾಣ ಶೇಕಡಾ 25 ಮೀರಿದರೆ ಬಳಸುವಂತಿಲ್ಲ ಎಂಬ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲು ಸಾಧನವಿಲ್ಲದ್ದರಿಂದ ಕಣ್ಣು, ಮೂಗುಗಳನ್ನೇ ನಂಬಬೇಕು: ಬಣ್ಣ ಗಾಢವಾಗಿದ್ದರೆ, ಸುರಿಯುವಾಗ ಮಂದವಾಗಿದ್ದರೆ, ಕಾಯುವಾಗ ನೊರೆ ಬಂದರೆ, ಕಮಟು ವಾಸನೆ ಇದ್ದರೆ ಆ ಎಣ್ಣೆ ಬೇಡ. ಸೋಸಿದ ಎಣ್ಣೆ ಇವೆಲ್ಲದರಿಂದ ಮುಕ್ತವಾಗಿದ್ದರೆ ಎರಡು ಮೂರು ದಿನಗಳೊಳಗೆ ಒಗ್ಗರಣೆಗೋ ಪಲ್ಯಕ್ಕೋ ಬಳಸಿ ಮುಗಿಸಿ, ಮತ್ತೆ ಕರಿಯಲು ಇಡಬೇಡಿ. ಬಿಸಾಡುವ ಎಣ್ಣೆಯನ್ನು ಸಿಂಕಿಗೆ ಸುರಿಯದೆ ಹಳೆಯ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಕಸದೊಂದಿಗೆ ಬೇರೆಯಾಗಿ ಕೊಡಿ.